ಮೇಲ್ ಕಳಿಸುವ ಫಂಕ್ಷನ್‌ನ ಡಾಕ್‌ಸ್ಟ್ರಿಂಗ್‌ನಲ್ಲಿ ‘ಎಲ್ಲರಿಗೂ ಮುಟ್ಟಿದರೆ ಟ್ರೂ’ ಎಂದಿದೆ. ಹೇಗೆ ತಿದ್ದಲಿ?

ಹಿನ್ನೀರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯ ಒಂದು ಸಹಕಾರ ಸಂಘಕ್ಕೆ ಬಿಡುವಾದಾಗ ಪೈಥಾನ್ ಕೆಲಸ ಮಾಡಿಕೊಡುತ್ತೇನೆ. ಅಪ್ಪಯ್ಯ ಅಲ್ಲಿ ಸದಸ್ಯರು, ಆ ಋಣಕ್ಕೆ. ನನಗಿಂತ ಮುಂಚೆ ಈ ಕೆಲಸ ನೋಡಿಕೊಳ್ಳುತ್ತಿದ್ದವರು ಬೇರೆ ಊರಿಗೆ ಹೋದರು. ಅವರು ಬರೆದಿಟ್ಟ ಕೋಡ್ ನನ್ನ ಕೈಗೆ ಬಂದಿದೆ. ಒಳ್ಳೆಯ ವಿಷಯವೆಂದರೆ ಡಾಕ್‌ಸ್ಟ್ರಿಂಗ್‌ಗಳನ್ನೆಲ್ಲ (ಫಂಕ್ಷನ್ ಏನು ಮಾಡುತ್ತದೆಂದು ಕೋಡ್ ಒಳಗೇ ಬರೆದಿಡುವ ವಿವರಣೆ) ಅವರು ಕನ್ನಡದಲ್ಲೇ ಬರೆದಿದ್ದಾರೆ. ಸಂಘದ ಕಚೇರಿಯ ಹುಡುಗರು ಓದಿಕೊಂಡು ತಾವೇ ಸ್ಕ್ರಿಪ್ಟ್ ಓಡಿಸಲಿ ಎಂದು. ಆ ಪದ್ಧತಿಯನ್ನು ನಾನು ಬಿಡುವುದಿಲ್ಲ.

ತೊಂದರೆ ಇರುವುದು ಒಂದು ಫಂಕ್ಷನ್‌ನಲ್ಲಿ. ಸರ್ವಸದಸ್ಯರ ಸಭೆಯ ನೋಟಿಸನ್ನು ಇಮೇಲ್ ಮಾಡುವುದು ಅದರ ಕೆಲಸ. ಈಗಿರುವ ಡಾಕ್‌ಸ್ಟ್ರಿಂಗ್ ಹೀಗಿದೆ:

> ಪಟ್ಟಿಯಲ್ಲಿರುವ ಎಲ್ಲರಿಗೂ ನೋಟಿಸ್ ಮುಟ್ಟಿಸುತ್ತದೆ.
> ವಿಳಾಸಗಳು: ಸದಸ್ಯರ ಇಮೇಲ್‌ಗಳು.
> ವಿಷಯ: 75 ಅಕ್ಷರ ಮೀರಬಾರದು.
> ಎಲ್ಲರಿಗೂ ಮುಟ್ಟಿದರೆ ಟ್ರೂ. ಫಾಲ್ಸ್ ಬಂದರೆ ಯಾರಿಗೂ ಹೋಗಿಲ್ಲ ಎಂದರ್ಥ, ಮತ್ತೆ ಓಡಿಸಬಹುದು.

ಒಳಗಿನ ಕೋಡ್ ಏಳೆಂಟು ಸಾಲು. 10 ಸೆಕೆಂಡ್ ಟೈಮ್‌ಔಟ್ ಇಟ್ಟು ಸರ್ವರ್‌ಗೆ ಕನೆಕ್ಟ್ ಆಗುತ್ತದೆ, ಲಾಗಿನ್ ಆಗುತ್ತದೆ, ಪೈಥಾನ್‌ನ ಮೇಲ್ ಲೈಬ್ರರಿಯಾದ ಎಸ್‌ಎಂಟಿಪಿಲಿಬ್‌ನ ಸೆಂಡ್‌ಮೇಲ್ ಕರೆಯುತ್ತದೆ, ಮರುಸಾಲಿನಲ್ಲೇ ‘ರಿಟರ್ನ್ ಟ್ರೂ’. ಇಷ್ಟಕ್ಕೂ ಸುತ್ತ ಒಂದು ಟ್ರೈ. ಯಾವ ಎಕ್ಸೆಪ್ಶನ್ (ಕೋಡ್ ಓಡುವಾಗ ಏಳುವ ದೋಷ) ಬಂದರೂ ‘ರಿಟರ್ನ್ ಫಾಲ್ಸ್’.

ಈ ಸಲ ಆದದ್ದು ಇಷ್ಟು. ಇಮೇಲ್ ಕೊಟ್ಟ ಸದಸ್ಯರು 340. ಸ್ಕ್ರಿಪ್ಟ್ ಓಡಿಸಿದಾಗ ಟ್ರೂ ಬಂತು. ಕಚೇರಿಯವರು ಡಾಕ್‌ಸ್ಟ್ರಿಂಗ್ ನಂಬಿ ‘ಎಲ್ಲರಿಗೂ ಮುಟ್ಟಿದೆ’ ಎಂದು ರಿಜಿಸ್ಟರ್‌ನಲ್ಲಿ ಬರೆದರು. ಸಭೆಯ ದಿನ ಕುರ್ಚಿಗಳು ಖಾಲಿ. ಅಪ್ಪಯ್ಯನಿಗೇ ನೋಟಿಸ್ ಬಂದಿರಲಿಲ್ಲ, ಪಕ್ಕದ ಮನೆಯವರು ಹೇಳಿದ್ದಕ್ಕೆ ಹೋದರು. ಅಲ್ಲಿ ಒಬ್ಬ ಹಿರಿಯರು ಎದ್ದು ನಿಂತು, ‘ನಮ್ಮನ್ನು ಬೇಕೆಂದೇ ಕರೆಯಲಿಲ್ಲ’ ಎಂದುಬಿಟ್ಟರಂತೆ. ಆ ಮಾತು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ.

ಆಮೇಲೆ ಫೋನ್ ಮಾಡಿ ವಿಚಾರಿಸಿದೆ. ಪಟ್ಟಿ ಕನ್ನಡ ಅಕಾರಾದಿಯಲ್ಲಿದೆ. ಅ ದಿಂದ ಗ ವರೆಗಿನ ಹೆಸರಿನವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಬಂದಿದೆ. ಚ ದಿಂದ ಮುಂದೆ ಕೇಳಿದ ಒಬ್ಬರಿಗೂ ಬಂದಿಲ್ಲ. ಅಪ್ಪಯ್ಯನ ಹೆಸರು ಶ ದಿಂದ ಶುರು.

ಹೋದ ವರ್ಷ ಇದೇ ಫಂಕ್ಷನ್ ಬೇರೆ ತೊಂದರೆ ಕೊಟ್ಟಿತ್ತಂತೆ. ವಾರ್ಷಿಕ ವರದಿಯ ಪಿಡಿಎಫ್ ಲಗತ್ತಿಸಿ, ಮೂವತ್ತು ನಲವತ್ತು ಜನರ ಒಂದೊಂದು ಗುಂಪಿಗೆ ಕಳಿಸಿದ್ದರು. ಫಾಲ್ಸ್ ಬಂತೆಂದು ಮೂರು ಸಲ ಓಡಿಸಿದರು. ಹಲವರಿಗೆ ಮೂರೂ ಸಲ ಬಂದಿದೆ.

ಡಾಕ್‌ಸ್ಟ್ರಿಂಗ್ ತಪ್ಪು ಎನ್ನುವುದು ಗೊತ್ತಾಗಿದೆ. ಸರಿಯಾದದ್ದು ಯಾವುದು ಎಂದು ಬರೆಯಲು ಕೂತರೆ ವಾಕ್ಯ ಹುಟ್ಟುತ್ತಿಲ್ಲ. ಟ್ರೂ ಎಂದರೆ ಏನು? ಫಾಲ್ಸ್ ಎಂದರೆ ಏನು? ದಯವಿಟ್ಟು ತಿಳಿದವರು ಹೇಳಿ.

---

ಅಂಚೆಡಬ್ಬಿ

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೇಲ್ ಸರ್ವರ್‌ಗಳ ಚಾಕರಿ ಮಾಡಿದವನು ನಾನು. ನೀವು ಹೇಳಿದ ‘ಅ ದಿಂದ ಗ’ ಓದಿದ ಕೂಡಲೇ ಏನಾಗಿದೆ ಎಂದು ತಿಳಿಯಿತು. ಒಳ್ಳೆಯ ಸುಳಿವು ಕೊಟ್ಟಿದ್ದೀರಿ.

ಎಸ್‌ಎಂಟಿಪಿ ಎಂದರೆ ಮೇಲ್ ಕಳಿಸುವ ನಿಯಮಾವಳಿ; ಅದರ ಮಾತುಕತೆಯಲ್ಲಿ ಪ್ರತಿ ವಿಳಾಸವನ್ನೂ ಬೇರೆ ಬೇರೆಯಾಗಿ ಕೇಳಲಾಗುತ್ತದೆ. ‘ಇವರಿಗೆ ಒಂದು ಪತ್ರವಿದೆ, ತಗೊಳ್ತೀಯಾ?’ ಎಂದು ನಮ್ಮ ಕಡೆಯಿಂದ ಪ್ರಶ್ನೆ, ಸರ್ವರ್‌ನಿಂದ ಒಂದು ಅಂಕಿ. 250 ಎಂದರೆ ಸರಿ. 550 ಎಂದರೆ ಅಂಥ ಪೆಟ್ಟಿಗೆಯೇ ಇಲ್ಲ ಅಥವಾ ಕೊಡಲಾಗದು. 4 ರಿಂದ ಶುರುವಾಗುವ ಅಂಕಿಗಳೆಲ್ಲ ‘ಈಗ ಆಗಲ್ಲ, ಆಮೇಲೆ ಬಾ’. ಒಂದು ಪತ್ರಕ್ಕೆ ಎಷ್ಟು ಜನರನ್ನು ಒಪ್ಪಬೇಕು ಎಂಬುದಕ್ಕೆ ಅದರ ನಿಯಮಗಳ ದಾಖಲೆಯಾದ 2008 ರ ಆರ್‌ಎಫ್‌ಸಿ 5321 ರಲ್ಲಿ ಒಂದು ಕನಿಷ್ಠ ಮಿತಿ ಇದೆ: 100. ಅದಕ್ಕಿಂತ ಹೆಚ್ಚು ಒಪ್ಪುವುದು ಆಯಾ ಸರ್ವರ್‌ನ ಇಷ್ಟ. ಮಿತಿ ಮುಗಿದ ಮೇಲೆ ಬರುವ ಉತ್ತರ 452. ನಿಮ್ಮ 340 ರಲ್ಲಿ ಮೊದಲ ನೂರು ಹೆಸರು ಗ ಅಕ್ಷರದ ಹತ್ತಿರ ಮುಗಿಯುತ್ತವೆಯೇ ಎಂದು ಎಣಿಸಿ ನೋಡಿ.

ಇನ್ನು ಪೈಥಾನ್‌ನ ಸೆಂಡ್‌ಮೇಲ್. ಒಬ್ಬರನ್ನಾದರೂ ಸರ್ವರ್ ಒಪ್ಪಿದರೆ ಅದು ಎಕ್ಸೆಪ್ಶನ್ ಎಸೆಯುವುದಿಲ್ಲ. ಸುಮ್ಮನೆ ಒಂದು ಡಿಕ್ಷನರಿ ಹಿಂದಿರುಗಿಸುತ್ತದೆ. ನಿರಾಕರಣೆಯಾದ ಪ್ರತಿ ವಿಳಾಸ ಅದರಲ್ಲಿ ಕೀ ಆಗಿರುತ್ತದೆ, ಎದುರಿಗೆ ಸರ್ವರ್ ಕೊಟ್ಟ ಅಂಕಿ ಮತ್ತು ಮಾತು. ಎಲ್ಲರನ್ನೂ ಒಪ್ಪಿದ್ದರೆ ಡಿಕ್ಷನರಿ ಖಾಲಿ. ಒಬ್ಬರನ್ನೂ ಒಪ್ಪದಿದ್ದಾಗ ಮಾತ್ರ ‘ರೆಸಿಪಿಯೆಂಟ್ಸ್ ರೆಫ್ಯೂಸ್ಡ್’ ಎಕ್ಸೆಪ್ಶನ್. ಅಂದರೆ ಮೊನ್ನೆ ನಿಮ್ಮ ಕೋಡ್‌ಗೆ 240 ಹೆಸರಿನ ಪಟ್ಟಿಯನ್ನು ಸೆಂಡ್‌ಮೇಲ್ ಕೈಗೇ ಕೊಟ್ಟಿರಬೇಕು. ಕೋಡ್ ಅದನ್ನು ನೋಡದೆ ಟ್ರೂ ಎಂದಿತು.

ಹಾಗಾಗಿ ಇವತ್ತಿನ ಕೋಡ್‌ನಲ್ಲಿ ಟ್ರೂ ಎಂಬುದಕ್ಕೆ ಒಂದೇ ಅರ್ಥ: ಪಟ್ಟಿಯಲ್ಲಿ ಕನಿಷ್ಠ ಒಬ್ಬರ ಪತ್ರವನ್ನು ನಮ್ಮ ಮೇಲ್ ಸರ್ವರ್ ತೆಗೆದುಕೊಂಡಿದೆ. ಅಷ್ಟೇ.

‘ಮುಟ್ಟಿದೆ’ ಎಂಬ ಮಾತನ್ನು ಎಲ್ಲ ಕಡೆಯಿಂದ ತೆಗೆಯಿರಿ. ಹಿಂದೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೌಂಟರ್‌ನಲ್ಲಿ ಕೊಡುತ್ತಿದ್ದ ರಸೀದಿ ಬೇರೆ, ಆಮೇಲೆ ಆ ಕಡೆಯವರ ಸಹಿ ಹೊತ್ತು ಬರುತ್ತಿದ್ದ ಅಕ್‌ನಾಲೆಜ್‌ಮೆಂಟ್ ಕಾರ್ಡ್ ಬೇರೆ. 250 ಎಂಬುದು ಕೌಂಟರ್ ರಸೀದಿ. ಪತ್ರದ ಮೈಯನ್ನು ತೆಗೆದುಕೊಂಡು 250 ಹೇಳಿದ ಸರ್ವರ್, ‘ಇನ್ನು ಇದು ನನ್ನ ಹೊಣೆ, ಮುಂದಕ್ಕೆ ದಾಟಿಸುತ್ತೇನೆ, ಆಗದಿದ್ದರೆ ನಿಮಗೆ ತಿಳಿಸುತ್ತೇನೆ’ ಎಂದು ಒಪ್ಪಿಕೊಂಡ ಹಾಗೆ. ಆಮೇಲೆ ಅದು ನಾಲ್ಕೈದು ದಿನ ಪ್ರಯತ್ನಿಸುತ್ತಿರಬಹುದು, ಅಷ್ಟು ಕಾಯಿರಿ ಎಂದೇ ಆ ಆರ್‌ಎಫ್‌ಸಿ ಹೇಳುತ್ತದೆ. ಅಲ್ಲಿಯವರೆಗೆ ನಿಮ್ಮ ಸ್ಕ್ರಿಪ್ಟ್ ಕಾದು ಕೂತಿರುವುದಿಲ್ಲ. ಸೋತ ಸುದ್ದಿ ಇನ್ನೊಂದು ಮೇಲ್ ಆಗಿ, ಲಕೋಟೆಯ ಮೇಲಿನ ಕಳಿಸಿದವರ ವಿಳಾಸಕ್ಕೆ ಬರುತ್ತದೆ. ನಿಮ್ಮ ಸಂಘದಲ್ಲಿ ಆ ಪೆಟ್ಟಿಗೆಯನ್ನು ಯಾರಾದರೂ ತೆರೆದು ನೋಡುತ್ತಾರೆಯೇ? ಆ ವಿಳಾಸ ಯಾವುದು, ಯಾರು ನೋಡಬೇಕು ಎಂಬುದನ್ನೂ ಡಾಕ್‌ಸ್ಟ್ರಿಂಗ್‌ನಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಎಲ್ಲರೂ ಬಿಟ್ಟುಬಿಡುವ ಸಾಲು ಇದೇ.

ಪಿಎಚ್‌ಪಿಯ ಮೇಲ್ ಫಂಕ್ಷನ್‌ನ ಕೈಪಿಡಿ ಈ ವಿಷಯವನ್ನು ಬಹಳ ನೇರವಾಗಿ ಹೇಳಿದೆ. ಟ್ರೂ ಎಂದರೆ ರವಾನೆಗೆ ಸ್ವೀಕಾರವಾಯಿತು ಎಂದಷ್ಟೇ, ಸ್ವೀಕಾರವಾದ ಮಾತ್ರಕ್ಕೆ ಆ ಕಡೆಗೆ ತಲುಪುತ್ತದೆ ಎಂದಲ್ಲ ಎಂದು ಪ್ರತ್ಯೇಕವಾಗಿ ಒತ್ತಿ ಬರೆದಿದ್ದಾರೆ. ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

---

ಕಿರುದಾರಿ

ಅಂಚೆಡಬ್ಬಿ ಸರ್ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಹಿನ್ನೀರು ಮೇಡಂ, ಡಾಕ್‌ಸ್ಟ್ರಿಂಗ್ ಮಾತ್ರ ತಿದ್ದಿ ನಿಲ್ಲಿಸಬೇಡಿ. ‘ಟ್ರೂ ಎಂದರೆ ಕನಿಷ್ಠ ಒಬ್ಬರು’ ಎಂದು ಬರೆದಿಟ್ಟರೆ ಅದು ಸತ್ಯವೇ. ಆದರೆ ಕಚೇರಿಯ ಹುಡುಗ ಅದನ್ನು ಓದಿ ಏನು ಮಾಡಬೇಕು? ಯಾರು ಬಿಟ್ಟುಹೋದರು ಎಂದು ತಿಳಿಯಲು ಅವನಿಗೆ ದಾರಿಯೇ ಇಲ್ಲ. ಡಿಕ್ಷನರಿಯನ್ನೇ ಹಿಂದಿರುಗಿಸಿ.

ಹಾಗೆ ಮಾಡುವಾಗ ಒಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದೇನೆ. ಪೈಥಾನ್‌ನಲ್ಲಿ ಖಾಲಿ ಡಿಕ್ಷನರಿ ಇಫ್ ಕಂಡೀಷನ್‌ನಲ್ಲಿ ಸುಳ್ಳು ಎಂದು ಎಣಿಕೆಯಾಗುತ್ತದೆ. ಈಗಿರುವ ಕಡೆಗಳಲ್ಲೆಲ್ಲ ‘ಇಫ್ ಸೆಂಡ್_ನೋಟಿಸ್: ಹೋಯಿತು ಎಂದು ಪ್ರಿಂಟ್ ಮಾಡು’ ಎಂದು ಇರುತ್ತದೆ. ಒಳಗಡೆ ಮಾತ್ರ ಬದಲಾಯಿಸಿದರೆ, ಎಲ್ಲ ಸರಿಯಾಗಿ ಹೋದಾಗ ‘ಹೋಗಲಿಲ್ಲ’ ಎನ್ನುತ್ತದೆ, ಕೆಲವರು ಬಿಟ್ಟುಹೋದಾಗ ‘ಹೋಯಿತು’ ಎನ್ನುತ್ತದೆ. ಅದಕ್ಕೆ ಫಂಕ್ಷನ್‌ನ ಹೆಸರನ್ನೇ ಬದಲಿಸಿ. ಹಳೆಯ ಹೆಸರಿನಿಂದ ಕರೆದ ಕಡೆ ನೇಮ್‌ಎರರ್ ಬಂದು ನಿಲ್ಲುತ್ತದೆ, ಒಂದೊಂದನ್ನೂ ಕಣ್ಣಿಂದ ನೋಡಿ ಸರಿಮಾಡಬಹುದು.

ಇನ್ನೊಂದು. ‘ವಿಳಾಸಗಳು: ಸದಸ್ಯರ ಇಮೇಲ್‌ಗಳು’ ಎಂದಷ್ಟೇ ಇದೆ. ಲಿಸ್ಟೋ, ಸ್ಟ್ರಿಂಗೋ? ಸೆಂಡ್‌ಮೇಲ್‌ಗೆ ಬರೀ ಸ್ಟ್ರಿಂಗ್ ಕೊಟ್ಟರೆ ಅದನ್ನು ಒಂದೇ ವಿಳಾಸವಿರುವ ಲಿಸ್ಟ್ ಎಂದು ತಿಳಿಯುತ್ತದೆ. ಎಕ್ಸೆಲ್‌ನಿಂದ ಅಲ್ಪವಿರಾಮ ಹಾಕಿದ ಸಾಲನ್ನು ಕಾಪಿ ಮಾಡಿ ಅಂಟಿಸುವವರು ಇದ್ದೇ ಇರುತ್ತಾರೆ. ಈ ಎಚ್ಚರಿಕೆಯೂ ಬರಲಿ.

---

ಅಂಚೆಡಬ್ಬಿ

ಕಿರುದಾರಿ ಹೇಳಿದ್ದು ಸರಿ. ಅನುಕ್ರಮದ ಬಗ್ಗೆ ಮಾತ್ರ ನನ್ನದೊಂದು ಅಭಿಪ್ರಾಯ. ಮೊದಲ ಕಮಿಟ್‌ನಲ್ಲಿ (ಒಂದು ಸಲಕ್ಕೆ ದಾಖಲಿಸುವ ಬದಲಾವಣೆಯಲ್ಲಿ) ಕೋಡ್ ಮುಟ್ಟಬೇಡಿ. ಈಗಿರುವ ಕೋಡ್ ಈಗ ಏನು ಮಾಡುತ್ತದೋ ಅದನ್ನೇ ಡಾಕ್‌ಸ್ಟ್ರಿಂಗ್ ಹೇಳುವಂತೆ ಮಾಡಿ, ಇವತ್ತೇ ಹಾಕಿಬಿಡಿ. ಕೋಡ್ ಸರಿಮಾಡಲು ಎರಡು ವಾರ ಹಿಡಿಯಬಹುದು. ಅಷ್ಟರಲ್ಲಿ ಯಾರಾದರೂ ಹಳೆಯ ಸಾಲು ಓದಿ ನಂಬಿ ಇನ್ನೊಂದು ನೋಟಿಸ್ ಕಳಿಸಿದರೆ?

ಈಗ ಮೂರು ಸಲ ಹೋದ ಕಥೆ. ‘ಫಾಲ್ಸ್ ಬಂದರೆ ಯಾರಿಗೂ ಹೋಗಿಲ್ಲ, ಮತ್ತೆ ಓಡಿಸಬಹುದು’ ಎಂಬ ವಾಕ್ಯ ನಿಮ್ಮ ಡಾಕ್‌ಸ್ಟ್ರಿಂಗ್‌ನ ಅತಿ ಅಪಾಯದ ವಾಕ್ಯ. ಟ್ರೂ ಬಗ್ಗೆ ಬರೆದದ್ದಕ್ಕಿಂತಲೂ.

ಪತ್ರದ ಮೈ ಪೂರ್ತಿ ಕಳಿಸಿ ಕೊನೆಯಲ್ಲಿ ಒಂದು ಸಾಲಿನಲ್ಲಿ ಒಂಟಿ ಚುಕ್ಕಿ ಕಳಿಸುತ್ತೇವೆ. ಮುಗಿಯಿತು ಎಂಬ ಗುರುತು ಅದು. ಆಗ ಸರ್ವರ್ ಪತ್ರವನ್ನು ಡಿಸ್ಕ್‌ಗೆ ಬರೆದು, ವೈರಸ್ ತಪಾಸಣೆ ಇದ್ದರೆ ಮುಗಿಸಿ, 250 ಹೇಳುತ್ತದೆ. ಈ ಒಂದು ಉತ್ತರಕ್ಕೆ 10 ನಿಮಿಷ ಕಾಯಿರಿ ಎನ್ನುತ್ತದೆ ಆರ್‌ಎಫ್‌ಸಿ 5321. ನಿಮ್ಮದು 10 ಸೆಕೆಂಡ್. ವಾರ್ಷಿಕ ವರದಿಯಂಥ ದೊಡ್ಡ ಪಿಡಿಎಫ್ ಇದ್ದಾಗ ಸರ್ವರ್ 15 ಸೆಕೆಂಡ್ ತೆಗೆದುಕೊಂಡಿತು ಎಂದುಕೊಳ್ಳಿ. ನೀವು 10 ಕ್ಕೇ ಫೋನ್ ಇಟ್ಟುಬಿಟ್ಟಿರಿ, ಫಾಲ್ಸ್ ಎಂದಿರಿ. ಆ ಕಡೆ ಸರ್ವರ್ ಪತ್ರವನ್ನು ತೆಗೆದುಕೊಂಡಾಗಿದೆ, ಎಲ್ಲರಿಗೂ ಕಳಿಸಿಯೂ ಆಗಿದೆ. ನೀವು ಮತ್ತೆ ಓಡಿಸಿದಿರಿ. ಮತ್ತೆ ಅದೇ. 1988 ರ ಫೆಬ್ರವರಿಯಲ್ಲೇ ಈ ಒಂದು ತೊಂದರೆಗಾಗಿ ಆರ್‌ಎಫ್‌ಸಿ 1047 ಬರೆದಿದ್ದಾರೆ, ಅಷ್ಟು ಹಳೆಯದು.

ಹಾಗಾಗಿ ಸ್ಥಿತಿಗಳು ಎರಡಲ್ಲ, ಮೂರು. ಒಪ್ಪಿದೆ. ನಿರಾಕರಿಸಿದೆ. ಏನಾಯಿತೋ ಗೊತ್ತಿಲ್ಲ. ಈ ಮೂರನೆಯದನ್ನು ಟ್ರೂ, ಫಾಲ್ಸ್ ಎರಡರಲ್ಲಿ ಯಾವುದಕ್ಕೆ ತುರುಕಿದರೂ ಸುಳ್ಳಾಗುತ್ತದೆ.

ಎಕ್ಸೆಪ್ಶನ್‌ಗಳ ಬಗ್ಗೆ ಬರೆಯುವಾಗ ಇನ್ನೊಂದು ಸೂಕ್ಷ್ಮ. ಟೈಮ್‌ಔಟ್ ಆದರೆ ಟೈಮ್‌ಔಟ್‌ಎರರ್ ಬರುತ್ತದೆ ಎಂದು ಬರೆದುಬಿಡಬೇಡಿ. ಕನೆಕ್ಟ್ ಆಗುವಾಗ ಹಾಗೆ ಬರುತ್ತದೆ. ಉತ್ತರಕ್ಕೆ ಕಾಯುವಾಗ ಅವಧಿ ಮುಗಿದರೆ ಎಸ್‌ಎಂಟಿಪಿಲಿಬ್ ಅದನ್ನು ‘ಸರ್ವರ್ ಡಿಸ್‌ಕನೆಕ್ಟೆಡ್’ ಎಕ್ಸೆಪ್ಶನ್ ಆಗಿ ಬದಲಿಸಿ ಎಸೆಯುತ್ತದೆ. ಪೈಥಾನ್ 3.4 ರಿಂದ ಎಸ್‌ಎಂಟಿಪಿ ಎಕ್ಸೆಪ್ಶನ್‌ಗಳೆಲ್ಲ ಓಎಸ್‌ಎರರ್‌ನ ಮಕ್ಕಳೇ ಆದ್ದರಿಂದ, ಎಲ್ಲವನ್ನೂ ಹಿಡಿಯಬೇಕಾದವರಿಗೆ ಆ ಒಂದು ಹೆಸರು ಸಾಕು.

---

ಒತ್ತಕ್ಷರ

ನಾನು ಮೇಲ್ ಸರ್ವರ್ ಬಲ್ಲವನಲ್ಲ, ಯೂನಿಕೋಡ್ ಕಡೆಯವನು. ‘ವಿಷಯ: 75 ಅಕ್ಷರ ಮೀರಬಾರದು’ ಎಂಬ ಸಾಲನ್ನು ಯಾರೂ ಕೈಗೆತ್ತಿಕೊಂಡಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಅದೂ ತಪ್ಪು.

75 ಎಲ್ಲಿಂದ ಬಂದಿರಬಹುದು ಎಂದು ಊಹಿಸಬಲ್ಲೆ. ಮೇಲ್‌ನ ಹೆಡರ್ ಮೂಲತಃ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳದ್ದು. ಕನ್ನಡದ ವಿಷಯ ಸಾಲನ್ನು ಆ ಚಿಹ್ನೆಗಳಲ್ಲೇ ಬರೆಯುವ ಬೇಸ್64 ಗೆ ತಿರುಗಿಸಿ, ಹಿಂದೆ ಮುಂದೆ ‘ಇದು ಯುಟಿಎಫ್-8’ ಎಂಬ ಗುರುತು ಹಾಕಿ ತುಂಡು ತುಂಡಾಗಿ ಕಟ್ಟುತ್ತಾರೆ. ಆರ್‌ಎಫ್‌ಸಿ 2047 ರ ಪ್ರಕಾರ ಒಂದು ತುಂಡು 75 ಚಿಹ್ನೆ ಮೀರಬಾರದು. ಅದು ತುಂಡಿನ ಮಿತಿ, ವಿಷಯದ ಮಿತಿಯಲ್ಲ. ತುಂಡುಗಳು ಎಷ್ಟಾದರೂ ಇರಬಹುದು.

ಲೆಕ್ಕ ಹಾಕಿ ನೋಡಿ. ಗುರುತುಗಳಿಗೇ 12 ಚಿಹ್ನೆ ಹೋಗುತ್ತದೆ. ಉಳಿದ 63 ರಲ್ಲಿ ಬೇಸ್64 ನಾಲ್ಕು ನಾಲ್ಕಾಗಿ ಕೂರಬೇಕಾದ್ದರಿಂದ 60. ಅದರಲ್ಲಿ 45 ಬೈಟ್ ಹಿಡಿಯುತ್ತದೆ. ಯುಟಿಎಫ್-8 ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯೂನಿಕೋಡ್ ಸಂಖ್ಯೆ ಕೊಟ್ಟ ಒಂದೊಂದು ಚಿಹ್ನೆಗೆ) 3 ಬೈಟ್. ಅಂದರೆ ಒಂದು ತುಂಡಿಗೆ 15 ಕೋಡ್‌ಪಾಯಿಂಟ್. ‘ಸರ್ವಸದಸ್ಯರ ಸಭೆ’ ಎಂಬುದು ಖಾಲಿ ಜಾಗ ಸೇರಿ 14, ಒಂದು ತುಂಡಿನಲ್ಲಿ ಕೂರುತ್ತದೆ. ‘ಸರ್ವಸದಸ್ಯರ ಸಭೆಯ ನೋಟಿಸ್’ ಎಂದರೆ 22, ಎರಡು ತುಂಡಾಗುತ್ತದೆ. ಓದುವವರಿಗೆ ಮಾತ್ರ ಒಂದೇ ಸಾಲಾಗಿ ಕಾಣುತ್ತದೆ.

‘ಅಕ್ಷರ’ ಎಂಬ ಪದವೂ ಇಲ್ಲಿ ಗೊಂದಲದ್ದು. ‘ಸ್ಯ’ ನಮಗೆ ಒಂದು ಅಕ್ಷರ. ಪೈಥಾನ್‌ನ ಲೆನ್ ಫಂಕ್ಷನ್‌ಗೆ ಮೂರು: ಸ, ವಿರಾಮ ಚಿಹ್ನೆ, ಯ. ಡಾಕ್‌ಸ್ಟ್ರಿಂಗ್‌ನಲ್ಲಿ ಎಣಿಕೆ ಹೇಳಬೇಕಾದ ಕಡೆ ಯಾವುದನ್ನು ಎಣಿಸುತ್ತೀರಿ ಎಂದೂ ಹೇಳಿ. ಇಲ್ಲಂತೂ ಆ ಸಾಲನ್ನೇ ಅಳಿಸಿ. ಈಮೇಲ್‌ಮೆಸೇಜ್ ಕ್ಲಾಸ್ ಬಳಸಿದರೆ ಈ ಕಟ್ಟುವ ಕೆಲಸವನ್ನೆಲ್ಲ ಪೈಥಾನ್ ತಾನೇ ಮಾಡುತ್ತದೆ.

---

ಹಿನ್ನೀರು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯದು. ಎಣಿಸಿದೆ. ಪಟ್ಟಿಯಲ್ಲಿ 97 ನೆಯ ಹೆಸರು ಗೋಪಾಲ, 100 ನೆಯದು ಗೌರಮ್ಮ, 101 ಚಂದ್ರಶೇಖರ. ಹಾಳೆಯ ಮೇಲೆ ಆ ಎರಡು ಹೆಸರಿನ ನಡುವೆ ಗೆರೆ ಎಳೆದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ಹಿರಿಯರ ಹೆಸರು ಗೆರೆಯ ಕೆಳಗಿದೆ.

ಬರೀ ಓದಿ ಒಪ್ಪಿಕೊಳ್ಳಬಾರದೆಂದು ಲ್ಯಾಪ್‌ಟಾಪ್‌ನಲ್ಲೇ ಪರೀಕ್ಷೆಯನ್ನೂ ಮಾಡಿದೆ. ಹಳೆಯ ಟ್ಯುಟೋರಿಯಲ್‌ಗಳಲ್ಲಿರುವ ಎಸ್‌ಎಂಟಿಪಿಡಿ ಮಾಡ್ಯೂಲ್ ಪೈಥಾನ್ 3.12 ರಿಂದ ಇಲ್ಲ, ಅದರ ಬದಲಿಗೆ ಎಐಓ‌ಎಸ್‌ಎಂಟಿಪಿಡಿ ಹಾಕಿಕೊಂಡೆ. ನೂರರ ನಂತರ 452 ಹೇಳುವಂತೆ ಒಂದು ಪುಟ್ಟ ಸರ್ವರ್ ಬರೆದು 340 ಸುಳ್ಳು ವಿಳಾಸ ಕೊಟ್ಟೆ. ನಮ್ಮ ಫಂಕ್ಷನ್ ಟ್ರೂ ಎಂದಿತು. ಸೆಂಡ್‌ಮೇಲ್ ಕೊಟ್ಟ ಡಿಕ್ಷನರಿಯನ್ನು ಪ್ರಿಂಟ್ ಮಾಡಿದರೆ 240 ಸಾಲು. ಆಮೇಲೆ ಚುಕ್ಕಿ ಬಂದ ಮೇಲೆ 15 ಸೆಕೆಂಡ್ ಸುಮ್ಮನಿರುವಂತೆ ಮಾಡಿದೆ. ಅಂಚೆಡಬ್ಬಿ ಸರ್ ಹೇಳಿದಂತೆಯೇ ‘ಸರ್ವರ್ ಡಿಸ್‌ಕನೆಕ್ಟೆಡ್’, ಫಾಲ್ಸ್. ಸರ್ವರ್ ಕಡೆ ನೋಡಿದರೆ ಪತ್ರ ಪೂರ್ತಿ ಬಂದು ಕೂತಿದೆ.

ಮೊದಲ ಕಮಿಟ್ ನಿನ್ನೆ ರಾತ್ರಿ ಹಾಕಿದೆ, ಕೋಡ್ ಮುಟ್ಟದೆ. ಎರಡನೆಯದಕ್ಕೆ ಫಂಕ್ಷನ್‌ನ ಹೆಸರನ್ನೂ ‘ಸರ್ವರ್‌ಗೆ ಒಪ್ಪಿಸು’ ಎಂಬ ಅರ್ಥ ಬರುವಂತೆ ಬದಲಿಸಿ, ಡಾಕ್‌ಸ್ಟ್ರಿಂಗ್ ಹೀಗೆ ಬರೆದಿದ್ದೇನೆ. ನೋಡಿ ಹೇಳಿ:

> ನೋಟಿಸನ್ನು ನಮ್ಮ ಮೇಲ್ ಸರ್ವರ್‌ಗೆ ಒಪ್ಪಿಸುತ್ತದೆ. ಸದಸ್ಯರಿಗೆ ಮುಟ್ಟಿತೇ ಎಂಬುದು ಈ ಫಂಕ್ಷನ್‌ಗೆ ತಿಳಿಯುವುದಿಲ್ಲ.
>
> ವಿಳಾಸಗಳು: ಲಿಸ್ಟ್ ಆಗಿರಬೇಕು. ಅಲ್ಪವಿರಾಮ ಹಾಕಿದ ಒಂದೇ ಸ್ಟ್ರಿಂಗ್ ಕೊಡಬೇಡಿ. 100 ಕ್ಕಿಂತ ಹೆಚ್ಚಿದ್ದರೆ ಭಾಗ ಮಾಡಿ ಕರೆಯಿರಿ.
>
> ಹಿಂದಿರುಗಿಸುವುದು: ಸರ್ವರ್ ತೆಗೆದುಕೊಳ್ಳದ ವಿಳಾಸಗಳ ಡಿಕ್ಷನರಿ, ಪ್ರತಿಯೊಂದಕ್ಕೂ ಸರ್ವರ್ ಹೇಳಿದ ಕಾರಣದೊಂದಿಗೆ. ಖಾಲಿ ಇದ್ದರೆ ಎಲ್ಲವನ್ನೂ ತೆಗೆದುಕೊಂಡಿದೆ. ಅಂಕಿ 4 ರಿಂದ ಶುರುವಾದರೆ ಆ ವಿಳಾಸಗಳಿಗೆ ಮಾತ್ರ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿ. 5 ರಿಂದ ಶುರುವಾದರೆ ಸದಸ್ಯರಿಗೆ ಫೋನ್ ಮಾಡಿ ವಿಳಾಸ ಸರಿಮಾಡಿಕೊಳ್ಳಿ.
>
> ಎಕ್ಸೆಪ್ಶನ್: ‘ರೆಸಿಪಿಯೆಂಟ್ಸ್ ರೆಫ್ಯೂಸ್ಡ್’ ಬಂದರೆ ಒಬ್ಬರಿಗೂ ಹೋಗಿಲ್ಲ. ‘ಸರ್ವರ್ ಡಿಸ್‌ಕನೆಕ್ಟೆಡ್’ ಬಂದರೆ ಹೋಗಿರಲೂಬಹುದು, ಇಲ್ಲದಿರಲೂಬಹುದು. ಕೂಡಲೇ ಮತ್ತೆ ಓಡಿಸಬೇಡಿ. ಪಟ್ಟಿಯ ಇಬ್ಬರು ಮೂವರಿಗೆ ಫೋನ್ ಮಾಡಿ ಕೇಳಿ.
>
> ಮುಟ್ಟದ ಪತ್ರಗಳ ಸುದ್ದಿ ಸಂಘದ ಕಚೇರಿಯ ಇಮೇಲ್‌ಗೆ ಬರುತ್ತದೆ. ಕಳಿಸಿದ ದಿನದಿಂದ ಐದು ದಿನ, ದಿನಕ್ಕೊಮ್ಮೆ ತೆರೆದು ನೋಡಿ.

ಕೆಲವರು ಡಾಕ್‌ಸ್ಟ್ರಿಂಗನ್ನು ‘ಕಳಿಸು, ಹಿಂದಿರುಗಿಸು’ ಎಂದು ಆಜ್ಞೆಯ ರೂಪದಲ್ಲಿ ಬರೆಯಿರಿ ಎನ್ನುತ್ತಾರೆ, ಪೈಥಾನ್‌ನ ಡಾಕ್‌ಸ್ಟ್ರಿಂಗ್ ಮಾರ್ಗಸೂಚಿಯಾದ ಪೆಪ್ 257 ರಲ್ಲೂ ಹಾಗಿದೆ. ಕನ್ನಡದಲ್ಲಿ ಅದು ಓದುವವರಿಗೇ ಹೇಳಿದ ಹಾಗೆ ಕೇಳುತ್ತದೆ. ಅದಕ್ಕೇ ಫಂಕ್ಷನ್ ಮಾಡುವುದನ್ನು ‘ಒಪ್ಪಿಸುತ್ತದೆ’ ಎಂದೂ, ಮನುಷ್ಯರು ಮಾಡಬೇಕಾದ್ದನ್ನು ‘ನೋಡಿ, ಕೇಳಿ’ ಎಂದೂ ಬೇರೆ ಇಟ್ಟೆ.

ಟೈಮ್‌ಔಟ್ ಅನ್ನು 600 ಸೆಕೆಂಡ್ ಮಾಡಿದ್ದೇನೆ.

---

ಅಂಚೆಡಬ್ಬಿ

ಚೆನ್ನಾಗಿದೆ. ಎರಡೇ ತಿದ್ದುಪಡಿ. 452 ಬಾರದಂತೆ ಭಾಗ ಮಾಡುವ ಕೆಲಸವನ್ನು ಓದುವವರ ಮೇಲೆ ಬಿಡದೆ ಫಂಕ್ಷನ್ ಒಳಗೇ ಮಾಡಿ. ಆಗ ‘100 ಕ್ಕಿಂತ ಹೆಚ್ಚಿದ್ದರೆ’ ಎಂಬ ವಾಕ್ಯವೇ ಬೇಡ. ಹಾಗೆ ಭಾಗ ಮಾಡಿದರೆ, ಮೂರನೆಯ ಭಾಗದಲ್ಲಿ ಎಕ್ಸೆಪ್ಶನ್ ಬಂದಾಗ ಮೊದಲ ಎರಡು ಭಾಗ ಆಗಲೇ ಹೋಗಿರುತ್ತವೆ. ‘ಒಬ್ಬರಿಗೂ ಹೋಗಿಲ್ಲ’ ಎಂಬ ಮಾತು ಆಗ ಸುಳ್ಳಾಗುತ್ತದೆ, ಅದನ್ನು ‘ಆ ಭಾಗದಲ್ಲಿ ಒಬ್ಬರಿಗೂ’ ಎಂದು ಬದಲಿಸಿ. ಯಾವ ಭಾಗ ಎಂಬುದನ್ನು ಲಾಗ್‌ನಲ್ಲಿ ಬರೆಯುವುದನ್ನೂ ಮರೆಯಬೇಡಿ.

---

ಹಿನ್ನೀರು

ಹೌದು ಸರ್, ಅದು ಹೊಳೆದೇ ಇರಲಿಲ್ಲ. ಎರಡನ್ನೂ ಬದಲಿಸುತ್ತೇನೆ.

ಸೋಮವಾರ ಕಾರ್ಯದರ್ಶಿಗಳಿಗೆ ಆ 240 ಹೆಸರಿನ ಪಟ್ಟಿ ಕೊಡುತ್ತೇನೆ. ರಿಜಿಸ್ಟರ್‌ನಲ್ಲಿ ‘ಎಲ್ಲರಿಗೂ ಮುಟ್ಟಿದೆ’ ಎಂದು ಬರೆದದ್ದರ ಕೆಳಗೆ ನಿಜ ಏನಾಯಿತೆಂದು ಬರೆಸಬೇಕು. ಅಪ್ಪಯ್ಯನ ಜೊತೆ ಹೋಗಿ ಆ ಹಿರಿಯರಿಗೆ ಪಟ್ಟಿಯ ಮೇಲೆ ಎಳೆದ ಗೆರೆಯನ್ನೂ ತೋರಿಸುತ್ತೇನೆ.